ಹದಿನಾಲ್ಕು ಅಡಿಯವರೆಗಿನ ನದಿ

ಅವರ ಪಂಚೆ ಯಾವಾಗಲೂ ಬಲಗಾಲಿನ ಕಡೆ ಮಾತ್ರ ಒದ್ದೆಯಾಗಿರುತ್ತಿತ್ತು. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಕ್ಕೆ ಒಂದು ಗೆರೆ. ಗೆರೆಯ ಕೆಳಗೆ ಒದ್ದೆ, ಮೇಲೆ ಒಣ ಬಟ್ಟೆ. ಎಡಗಾಲಿನ ಕಡೆ ಒಂದು ಹನಿಯೂ ಇರುತ್ತಿರಲಿಲ್ಲ. ಕೆಲವು ವಾರ ಸುಮ್ಮನೆ ನೋಡಿ, ಆಮೇಲೆ ಒಂದು ದಿನ ಯಾಕೆಂದು ಕೇಳಿದೆ.

"ಬಲಗಾಲ ನೀರ್ಗೆ ಇಡ್ತೀನಿ, ಎಡಗಾಲ ಮ್ಯಾಲಿನ ಮೆಟ್ಲಲ್ಲೇ ಮಡಗಿರ್ತೀನಿ ಕಣವ್ವ. ಅದು ಓಡಕ್ಕೆ," ಅಂದರು. ಮುಖದಲ್ಲಿ ನಗು ಇರಲಿಲ್ಲ.

ಬೆಳಕವಾಡಿಯ ಹತ್ತಿರ ಕಾವೇರಿಯ ನೀರಿನ ಎತ್ತರ ನೋಡಿ ಬರೆದಿಡುವುದು ಅವರ ಕೆಲಸವಾಗಿತ್ತು. ದಡದಿಂದ ನೀರಿಗೆ ಇಳಿಯುವ ಕಲ್ಲು ಮೆಟ್ಟಿಲು, ಮೆಟ್ಟಿಲ ಪಕ್ಕದಲ್ಲಿ ಒಂದು ಕಲ್ಲುಕಂಬ, ಕಂಬಕ್ಕೆ ಬಿಗಿದ ಬಿಳಿಯ ಹಲಗೆ. ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಅಡಿ ಅಂಗುಲಗಳ ಗುರುತು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಇಳಿದು, ನೀರು ಯಾವ ಗುರುತಿಗೆ ಮುಟ್ಟಿದೆಯೆಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಲಾಖೆಯಲ್ಲಿ ಆ ಹಲಗೆಗೆ ಗೇಜು ಎನ್ನುತ್ತಿದ್ದರು. ಊರವರು ಅವರನ್ನೇ ಗೇಜಯ್ಯ ಎನ್ನುತ್ತಿದ್ದರು. ಅವರ ಸ್ವಂತ ಹೆಸರು ನನಗೆ ಗೊತ್ತಿದೆ. ಕಾಗದದ ಮೇಲೆ ಹೆಸರು ಬಂದರೆ ಅವರು ಹೆದರುತ್ತಿದ್ದರು, ಆದ್ದರಿಂದ ಬರೆಯುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರಂತೆ. ನಾನು ಈಗ ಮಂಡ್ಯದಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೆಳಕವಾಡಿಯವರೊಬ್ಬರು ಸಂತೆಗೆ ಬಂದವರು ಶಾಲೆಯ ಗೇಟಿನ ಹತ್ತಿರ ನಿಂತು ಹೇಳಿ ಹೋದರು. ಜ್ವರ ಬಂದು, ಮನೆಯಲ್ಲೇ. "ನೀರಾಗೆ ಓಗ್ನಿಲ್ಲ ಕಣಮ್ಮ, ಅದೊಂದು ಸಮಾದಾನ," ಅಂದರು. ಗೇಜಯ್ಯ ಒಂದಲ್ಲ ಒಂದು ದಿನ ನೀರಿನಲ್ಲೇ ಹೋಗುತ್ತಾರೆಂದು ಊರಿನಲ್ಲಿ ಎಲ್ಲರೂ ಅಂದುಕೊಂಡಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವರೇ ಅಂದುಕೊಂಡಿದ್ದರು.

ಅವರಿಗೆ ಈಜು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ನದಿಗೆ ಇಳಿದು ಹತ್ತಿದ ಮನುಷ್ಯ ನದಿಗೆ ಬೆನ್ನು ಹಾಕಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಊಟಕ್ಕೆ ಕೂತರೂ ಮುಖ ಆ ಕಡೆಗೇ. ಮಳೆಗಾಲದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ದಡದ ಹೊಂಗೆ ಮರಕ್ಕೆ ಬಿಗಿದು ಇಳಿಯುತ್ತಿದ್ದರು. ಬಟ್ಟೆ ಒಗೆಯಲು ಬಂದ ಹೆಂಗಸರಿಗೆ ಅದು ದಿನದಿನದ ತಮಾಷೆ.

"ಗೇಜಯ್ಯನ್ನ ಕಟ್ಟಾಕವ್ರೆ ಕಣ್ರೇ, ಯಾರಾರ ಒಸಿ ಮೇವಾಕ್ರಿ!"

"ನಗಿ, ನಗಿ. ನಿಮ್ಮನ್ನ ಕಟ್ಟಾಕಕ್ಕೆ ಮರ ಸಾಲ್ದು," ಎಂದು ಇವರು ಗಂಟು ಎರಡು ಸಲ ಎಳೆದು ನೋಡಿ ಇಳಿಯುತ್ತಿದ್ದರು.

ನನಗೆ ಒಮ್ಮೆ ಹೇಳಿದ್ದರು: "ಎದ್ರಿಕೆ ಇಲ್ದೋನ್ನ ಈ ಕೆಲ್ಸಕ್ಕೆ ಮಡಗಬಾರ್ದು. ಅವ್ನು ದಡದ ಮ್ಯಾಲೆ ಬೀಡಿ ಸೇದ್ಕಂಡು ಒಂದು ಅಂದಾಜು ಬರ್ದ್ಬುಡ್ತಾನೆ. ಎದ್ರೋನು ಅತ್ರ ಓಗಿ ನೋಡ್ತಾನೆ. ಅದು ಎಲ್ಲೀಗಂಟ ಬಂದದೆ ಅಂತ ಅವ್ನಿಗೆ ಗೊತ್ತಾಗ್ಲೇಬೇಕು."

ನೀರಿನ ಬಣ್ಣ ನೋಡಿ ಅದು ಯಾವ ಕಡೆಯದೆಂದು ಹೇಳಬಲ್ಲವರಾಗಿದ್ದರು. ಕೆಮ್ಮಣ್ಣಿನ ಬಣ್ಣ ಬಂದರೆ ಕಪಿಲೆಯ ನೀರು. "ಕಾವೇರವ್ವನ್ನ ಕನ್ನಂಬಾಡಿ ಕಟ್ಟೇಲಿ ತಡದವ್ರೆ. ಕಪಿಲೇನ ಯಾರು ತಡೀತಾರೆ?" ಎಂದು ಕೇಳಿ, ಯಾರೋ ಉತ್ತರ ಕೊಡುತ್ತಾರೆಂಬಂತೆ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಮಲಗಿದಾಗ ಶಿವನಸಮುದ್ರದ ಜಲಪಾತದ ಸದ್ದು ಕಿವಿಯಲ್ಲಿರುತ್ತಿತ್ತಂತೆ. ಸದ್ದು ಹೆಚ್ಚಿದರೂ ಎಚ್ಚರ, ತಗ್ಗಿದರೂ ಎಚ್ಚರ.

ನನಗೆ ಅವರ ಪರಿಚಯವಾದದ್ದು ನನ್ನ ತಂದೆಯಿಂದ. ಅಪ್ಪ ಮಳವಳ್ಳಿಯಲ್ಲಿ ಓವರ್‌ಸೀಯರ್ ಆಗಿದ್ದರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಾಗ ಅಮ್ಮ ತೀರಿಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಬಂದ ವಾರದಲ್ಲೇ ಅಪ್ಪ ತಟ್ಟೆಯ ಅಂಚನ್ನು ಬೆರಳಿನಿಂದ ಹುಡುಕಿ ಊಟ ಮಾಡುವುದನ್ನು ನೋಡಿದೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಚೇರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ, ನಾಳೆ ಹೇಳೋಣ, ಬರುವ ತಿಂಗಳು ಹೇಳೋಣ ಎಂದು ಮುಚ್ಚಿಟ್ಟುಕೊಂಡಿದ್ದರು. ನಾನು ಮೊದಲು ಅವರ ಕಾಗದಗಳನ್ನು ಓದಿ ಹೇಳಿದೆ. ಆಮೇಲೆ ಅವರು ಹೇಳಿದ್ದನ್ನು ಬರೆದೆ. ಆಮೇಲೆ ಸಹಿಯನ್ನೂ ಹಾಕತೊಡಗಿದೆ.

ಪ್ರತಿ ಶನಿವಾರ ಗೇಜಯ್ಯ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಬೆಳಕವಾಡಿಯಿಂದ ಮಳವಳ್ಳಿಗೆ ಬರುತ್ತಿದ್ದರು. ಮೇಣಬಟ್ಟೆಯಲ್ಲಿ ಸುತ್ತಿದ ರಿಜಿಸ್ಟರನ್ನು ಎಳೆಮಗುವನ್ನು ತರುವ ಹಾಗೆ ತರುತ್ತಿದ್ದರು. ವಾರದ ಪುಟದ ಕೆಳಗೆ "ಸ್ಥಳದಲ್ಲಿ ನೋಡಿದೆ, ಸರಿಯಾಗಿದೆ" ಎಂದು ಬರೆದು ಓವರ್‌ಸೀಯರ್ ಸಹಿ ಹಾಕಬೇಕು. ಅಪ್ಪ ಸ್ಥಳಕ್ಕೆ ಹೋಗುವುದು ನಿಂತು ಬಹಳ ಕಾಲವಾಗಿತ್ತು. ನಾನು ಪೆನ್ನು ಎತ್ತಿದರೆ ಗೇಜಯ್ಯ ತಟ್ಟನೆ ಎದ್ದು, "ಕಾಲ್ ತೊಳ್ಕಬತ್ತೀನಿ," ಎಂದು ಹಿತ್ತಲಿಗೆ ಹೋಗುತ್ತಿದ್ದರು. ಶಾಯಿ ಆರುವ ಹೊತ್ತಿಗೆ ಬರುತ್ತಿದ್ದರು. ಮನೆಯೊಳಗೆ ಬರುವಾಗಲೇ ಒಮ್ಮೆ ಕಾಲು ತೊಳೆದುಕೊಂಡು ಬಂದಿದ್ದವರು. ಎರಡು ವರ್ಷ, ಒಂದು ಶನಿವಾರವೂ ಅವರು ನನ್ನ ಕೈ ಆ ಹೆಸರನ್ನು ಬರೆಯುವುದನ್ನು ನೋಡಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ದೆಹಲಿಯಲ್ಲಿ ಇಡೀ ದೇಶದ ನದಿಗಳನ್ನು ನೋಡಿಕೊಳ್ಳಲೆಂದು ಒಂದು ಕಚೇರಿ ಹೊಸದಾಗಿ ಶುರುವಾಗಿತ್ತು. ಎಲ್ಲಿ ಕಟ್ಟೆ ಕಟ್ಟಬಹುದು, ಎಲ್ಲಿ ಪ್ರವಾಹ ಬರುತ್ತದೆ, ಯಾವ ನದಿಯಲ್ಲಿ ಎಷ್ಟು ನೀರು ಎಂದು ಎಲ್ಲ ಪ್ರಾಂತ, ಸಂಸ್ಥಾನಗಳಿಂದ ಕೇಳಿ ತಿಳಿಯುವುದು ಅದರ ಕೆಲಸ. ಆ ಕಚೇರಿಯ ಪತ್ರ ಬೆಂಗಳೂರಿಗೆ ಬಂದು, ಮಂಡ್ಯಕ್ಕೆ ಬಂದು, ಕೊನೆಗೆ ನಮ್ಮ ಮನೆಯ ಮೇಜಿಗೆ ಬಂತು. ಹತ್ತು ವರ್ಷದ ದಿನದಿನದ ನೀರಿನ ಎತ್ತರವನ್ನು ಇಂಗ್ಲಿಷ್ ಅಂಕಿಯಲ್ಲಿ ನಕಲು ಮಾಡಿ ಕೊಡಬೇಕು. ಈವರೆಗೆ ಬಂದ ಅತಿ ಹೆಚ್ಚಿನ ನೀರು ಎಷ್ಟೆಂದು ಬೇರೆಯಾಗಿ ತಿಳಿಸಬೇಕು. ಅಲ್ಲಿಯ ಇಂಜಿನಿಯರೊಬ್ಬರು ಖುದ್ದಾಗಿ ಬಂದು ನೋಡುತ್ತಾರೆ. ಅಪ್ಪ ಆ ಪತ್ರವನ್ನು ಮೂರು ಸಲ ಓದಿಸಿದರು. "ಖುದ್ದಾಗಿ" ಎಂಬ ಕಡೆ ಮೂರು ಸಲವೂ ನಿಲ್ಲಿಸಿದರು.

ಸುದ್ದಿ ಬೆಳಕವಾಡಿಗೂ ಮುಟ್ಟಿತು. "ದಿಲ್ಲಿಯೋರ್ಗೆ ನಮ್ ನೀರು ಯಾಕಂತ್ಲಾ? ತಗಂಡೋಯ್ತಾರಾ?" ಎಂದು ಟೀ ಅಂಗಡಿಯಲ್ಲಿ ಕೇಳಿದರಂತೆ. "ನೀರ ತಗಂಡೋಗಕಿಲ್ಲ ಕಣ್ಲಾ, ಬರ್ದಿರೋದ್ನ ತಗಂಡೋಯ್ತಾರೆ. ನಂಗೆ ಅದೇ ದಿಗಿಲು," ಎಂದು ಗೇಜಯ್ಯ ಹೇಳಿದರಂತೆ. ಇದನ್ನು ನನಗೆ ಅವರೇ ಹೇಳಿದ್ದು.

ನಕಲು ಮಾಡುವ ಕೆಲಸ ನನ್ನದಾಯಿತು. ವಾರದ ಒಂದೊಂದೇ ಪುಟ ನೋಡುವಾಗ ಕಣ್ಣಿಗೆ ಬೀಳದಿದ್ದದ್ದು ಹತ್ತು ವರ್ಷವನ್ನು ಒಟ್ಟಿಗೆ ನೋಡಿದಾಗ ಬಿತ್ತು. ದೊಡ್ಡ ಮಳೆಯ ವರ್ಷಗಳಲ್ಲಿ ನೀರು ಒಂಬತ್ತು, ಹನ್ನೊಂದು, ಹದಿಮೂರು ಎಂದು ಏರಿ, ಹದಿನಾಲ್ಕು ಅಡಿಗೆ ಬಂದು ನಿಂತುಬಿಡುತ್ತಿತ್ತು. ಎರಡು ದಿನ, ಮೂರು ದಿನ, ಬೆಳಿಗ್ಗೆ ಸಂಜೆ ಹದಿನಾಲ್ಕೇ. ಆಮೇಲೆ ಇಳಿಯುತ್ತಿತ್ತು. ಹದಿನಾಲ್ಕು ಅಡಿ ಒಂದು ಅಂಗುಲ ಎಂಬುದು ಹತ್ತು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಕೊನೆಯ ಸಲ ಹಾಗಾದದ್ದು ಹಿಂದಿನ ಮಳೆಗಾಲದಲ್ಲಿ. ಆ ಪುಟದ ಕೆಳಗೆ "ಸ್ಥಳದಲ್ಲಿ ನೋಡಿದೆ" ಎಂದಿದ್ದ ಬರಹ ನನ್ನದು.

ಶನಿವಾರ ಅವರನ್ನು ಕೇಳಿದೆ. "ಈ ಮೂರು ದಿನ ನದಿ ಅಲುಗಾಡಲೇ ಇಲ್ಲವೆ?"

ಅವರು ಪುಟವನ್ನು ನೋಡಲಿಲ್ಲ. "ಅಲಗೆ ಅಲ್ಲೀಗಂಟ ತಾನೆ ಇರಾದು ಅಮ್ಮಾವ್ರೆ. ಅದರ ಮ್ಯಾಲೆ ಓದಕ್ಕೆ ಏನದೆ?"

"ಅಂದರೆ ನೀರು ಅದಕ್ಕಿಂತ ಮೇಲೆ ಹೋಗಿತ್ತೆ?"

"ಓಗ್ದೆ ಇದ್ದದಾ? ಅಲಗೆಯೇ ಕಾಣ್ತಿರ್ನಿಲ್ಲ."

ಬಹಳ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಲಗೆ ಮುಳುಗಿದ ದಿನ ಅವರು "ಹದಿನಾಲ್ಕರ ಮೇಲೆ ಒಂದು ಆಳುದ್ದ" ಎಂದು ಬರೆದಿದ್ದರಂತೆ. ಆಗಿನ ಯಾರೋ ಅಧಿಕಾರಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಹಲಗೆಯಲ್ಲಿ ಇಲ್ಲದ್ದನ್ನು ಇನ್ನೊಮ್ಮೆ ಬರೆದರೆ ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರು. ಅಂದಿನಿಂದ ಇವರು ಹಲಗೆಯಲ್ಲಿ ಇರುವುದನ್ನಷ್ಟೇ ಬರೆದರು. ನೀರು ಹಲಗೆಯನ್ನು ದಾಟಿದರೆ ಹಲಗೆಯ ಕೊನೆಯ ಅಂಕಿಯನ್ನು ಬರೆದರು. ಅಧಿಕಾರಿಗಳು ಬದಲಾದರು. ಹೋದವರೂ ಬಂದವರೂ ಹದಿನಾಲ್ಕನ್ನು ನದಿಯ ಕೊನೆ ಎಂದುಕೊಂಡರು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ನನ್ನ ಸ್ವಭಾವ ಅಂಥದು. ಆದರೆ ಮುಂದಿನ ವಾರ ಅವರು, "ಒಂದ್ಸಲ ಬಂದು ನೋಡಿ ಅವ್ವ. ಒಬ್ನೇ ನೋಡ್ಕಂಡಿರಕ್ಕೆ ಆಗಕಿಲ್ಲ ನಂಗೆ," ಎಂದರು. ನಾನು ಅವರ ಜೊತೆ ಬಸ್ಸಿನಲ್ಲಿ ಹೋದೆ.

ಮೆಟ್ಟಿಲುಗಳ ಮೇಲುಗಡೆ, ದಡದ ಮೇಲಿನ ಬಯಲಿನ ಅಂಚಿಗೆ, ಹಾಳುಬಿದ್ದ ಮಂಟಪವೊಂದು ಇತ್ತು. ಅದರ ಒಂದು ಕಂಬದಲ್ಲಿ ಅವರು ಉಳಿಯಿಂದ ಕೊರೆದ ಗೀರುಗಳಿದ್ದವು. ಪ್ರತಿ ದೊಡ್ಡ ಪ್ರವಾಹಕ್ಕೂ ಒಂದು.

"ರಿಜಿಸ್ಟ್ರಲ್ಲಿ ಬರೀಬ್ಯಾಡ ಅಂದ್ರು. ಕಲ್ಲಲ್ಲಿ ಬರೀಬ್ಯಾಡ ಅನ್ನನಿಲ್ಲ," ಅಂದರು.

ಎಲ್ಲಕ್ಕಿಂತ ಮೇಲಿನ ಗೀರು ಹಿಂದಿನ ಮಳೆಗಾಲದ್ದು. ಕಂಬಕ್ಕೆ ಒತ್ತಿ ನಿಂತೆ. ಅದು ನನ್ನ ಹುಬ್ಬಿನ ಮಟ್ಟಕ್ಕಿತ್ತು.

ಆ ಬಯಲಿನಲ್ಲಿ ಆಗ ಸುಣ್ಣದ ಗೆರೆಗಳಿದ್ದವು. ಕಾಲುವೆ ತೋಡಲು ಬೇರೆ ಕಡೆಯಿಂದ ಬಂದು ಇಲ್ಲೇ ಉಳಿದ ಹದಿನೆಂಟು ಸಂಸಾರಗಳಿಗೆ ತಾಲ್ಲೂಕು ಕಚೇರಿಯವರು ಮನೆ ಕಟ್ಟಲು ಜಾಗ ಗುರುತು ಮಾಡಿದ್ದರು. ಬಯಲು ಹದಿನಾಲ್ಕು ಅಡಿಯ ಮಟ್ಟಕ್ಕಿಂತ ಎತ್ತರದಲ್ಲಿದೆ, ಆದ್ದರಿಂದ ಭಯವಿಲ್ಲ ಎಂಬುದು ಅವರ ಲೆಕ್ಕ. ದೆಹಲಿಯ ಇಂಜಿನಿಯರು ಅತಿ ಹೆಚ್ಚಿನ ನೀರು ಹದಿನಾಲ್ಕೇ ಎಂದು ಒಪ್ಪಿ ಬರೆದರೆ ಜಾಗ ಹಂಚುವುದು. ಊರವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಬರೀ ಜಾಲಿ ಬೆಳೆದ ಬಯಲಿಗೆ ನೀರು ಬಂದು ಹೋದದ್ದನ್ನು ನೋಡಿದವರಿದ್ದರು. ಆದರೆ ಕಚೇರಿಯವರು ಕೇಳಿದ್ದು ರಿಜಿಸ್ಟರನ್ನು, ಊರವರನ್ನಲ್ಲ. ಬಂದವರ ಪರವಾಗಿ ಎದ್ದು ಹೋಗಿ ಹೇಳುವಷ್ಟು ನಂಟು ಯಾರಿಗೂ ಇರಲಿಲ್ಲ.

ನಾನು ಮಂಟಪದಿಂದ ಇಳಿದು ಹತ್ತಿರದ ಸುಣ್ಣದ ಚೌಕದೊಳಗೆ ನಿಂತೆ. ನೆಲ ಅಲ್ಲಿ ಇನ್ನೂ ಒಂದು ಅಡಿ ತಗ್ಗು. ಬಿಸಿಲು ಸುಡುತ್ತಿತ್ತು. ತಲೆಯ ಮೇಲೆ ನೀರಿನ ಮೇಲ್ಮೈ ಇರಬಹುದಾದ ಜಾಗವನ್ನು ಕತ್ತೆತ್ತಿ ನೋಡಿದೆ. ಪಕ್ಕದ ಚೌಕದಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಇಟ್ಟುಕೊಂಡು ಆಗಲೇ ಕಲ್ಲು ಜೋಡಿಸುತ್ತಿದ್ದಳು. ಜಾಗ ತನ್ನದೆಂದು ಇನ್ನೂ ಯಾರೂ ಹೇಳಿರಲಿಲ್ಲ.

"ಬಾಗ್ಲು ಒಳೆ ಕಡೀಕೆ ಇಟ್ರೆ ಒಸಿ ಗಾಳಿ ಬತ್ತದೆ ಅಲ್ವಾ ಅಯ್ಯಾ?" ಎಂದು ಇವರನ್ನು ಕೇಳಿದಳು.

ಇವರು ಮುಖ ತಿರುಗಿಸಿ ಮೆಟ್ಟಿಲ ಕಡೆ ನಡೆದರು.

ವಾಪಸು ಬರುವಾಗ ಲೆಕ್ಕ ಹಾಕಿದೆ. ಸತ್ಯ ಹೇಳಿದರೆ ಮೊದಲ ಪ್ರಶ್ನೆ, ಸ್ಥಳದಲ್ಲಿ ನೋಡಿದೆ ಎಂದು ಸಹಿ ಹಾಕಿದವರು ನೋಡಿದ್ದೇನು ಎಂಬುದು. ಅಪ್ಪನ ಕಣ್ಣು ಹೊರಗೆ ಬರುತ್ತದೆ. ನನ್ನ ಕೈ ಹೊರಗೆ ಬರುತ್ತದೆ. ಬೇರೆಯವರ ಹೆಸರಿನಲ್ಲಿ ಸರ್ಕಾರಿ ಕಾಗದಕ್ಕೆ ಸಹಿ ಹಾಕಿದವರಿಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೇಳದಿದ್ದರೆ ನಮಗೆ ಏನೂ ಆಗುವುದಿಲ್ಲ.

ಇಂಜಿನಿಯರು ಮೇ ತಿಂಗಳಲ್ಲಿ ಬಂದರು. ಬಂಗಾಳದ ಕಡೆಯವರು, ಮಧ್ಯವಯಸ್ಸು, ಮೃದು ಮಾತು. ಕನ್ನಡ ಬಾರದು. ಅಪ್ಪನ ಇಂಗ್ಲಿಷ್ ಕಚೇರಿಯ ಕಾಗದಕ್ಕೆ ಸಾಲುವಷ್ಟು. ಮಾತಿಗೆ ನಾನು ಬೇಕಾಯಿತು. ನದಿಯ ದಡದಲ್ಲಿ ಗೇಜಯ್ಯ ಸೇರಿ ನಾವು ನಾಲ್ವರು ನಿಂತೆವು.

"ಗೇಜು ಎಲ್ಲಿದೆ?" ಎಂದು ಇಂಜಿನಿಯರು ಕೇಳಿದರು.

ಅಪ್ಪ ಕೊಡೆಯನ್ನು ಚಾಚಿ ತೋರಿಸಿದರು. ತೋರಿಸಿದ ಕಡೆ ಹಲಗೆ ಇರಲಿಲ್ಲ, ಬರೀ ಕಲ್ಲುಬಂಡೆ ಇತ್ತು. ಅಷ್ಟರಲ್ಲಿ ಗೇಜಯ್ಯ ಬೇಗ ಬೇಗ ನಾಲ್ಕು ಹೆಜ್ಜೆ ಹೋಗಿ, ಕೊಡೆಯ ತುದಿಗೆ ಸರಿಯಾಗಿ ಆ ಬಂಡೆಯ ಮೇಲೆ ನಿಂತು, "ಬನ್ನಿ ಬುದ್ಧಿ, ಇಂಗೇ ಬನ್ನಿ, ಇಲ್ಲಿಂದ ಇಳುದ್ರೆ ಜಾರಕಿಲ್ಲ," ಎಂದು ಕೈಮಾಡಿದರು. ಅಪ್ಪ ತೋರಿಸಿದ್ದು ದಾರಿಯನ್ನು ಎಂಬ ಹಾಗಾಯಿತು. ನೀರಿನ ಅಂಚಿನ ಆ ಬಂಡೆಯ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಅವತ್ತು ಅವರ ಎರಡು ಕಾಲೂ ನೀರಿನಲ್ಲಿದ್ದವು.

ಇಂಜಿನಿಯರು ಹಲಗೆ ನೋಡಿದರು, ರಿಜಿಸ್ಟರು ನೋಡಿದರು, ಅಕ್ಷರ ಸುಂದರವಾಗಿದೆ ಎಂದರು. "ದೆಹಲಿಯಲ್ಲಿ ನಮ್ಮ ಹತ್ತಿರ ಒಂದು ನದಿಯೂ ಇಲ್ಲ," ಎಂದು ನಕ್ಕರು. "ಇಂಥ ಪುಸ್ತಕಗಳಷ್ಟೇ ಇವೆ. ಇವರು ಬರೆದದ್ದನ್ನೇ ನಾವು ನದಿ ಎನ್ನುತ್ತೇವೆ. ಇವರನ್ನು ಕೇಳಿ, ನೀರು ಎಂದಾದರೂ ಹದಿನಾಲ್ಕು ಅಡಿಗಿಂತ ಮೇಲೆ ಬಂದದ್ದುಂಟೆ?"

ನಾನು ಕನ್ನಡದಲ್ಲಿ ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ನದಿಯನ್ನೂ ನೋಡಲಿಲ್ಲ. ಅಪ್ಪನ ಕಡೆ ನೋಡಿದರು. ಅಪ್ಪ ಕೊಡೆಯ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದು, ಮಾತು ಬರುವ ದಿಕ್ಕಿಗೆ ಕಿವಿ ತಿರುಗಿಸಿ ನಿಂತಿದ್ದರು.

"ರಿಜಿಸ್ಟ್ರಲ್ಲಿ ಏನದೋ ಅದೇ ಬುದ್ಧಿ," ಎಂದರು ಗೇಜಯ್ಯ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಜಿನಿಯರು ತಮ್ಮ ಪುಸ್ತಕದಲ್ಲಿ ಹದಿನಾಲ್ಕು ಎಂದು ಬರೆದು ಕೆಳಗೆ ಗೆರೆ ಎಳೆದರು. ಮಳವಳ್ಳಿಯ ಪ್ರವಾಸಿ ಬಂಗಲೆಯಲ್ಲಿ ಉಳಿದು, ಬೆಳಿಗ್ಗೆ ಏಳಕ್ಕೆ ಮದ್ದೂರಿನ ರೈಲಿಗೆ ಹೊರಡುವುದಾಗಿ ಹೇಳಿದರು.

ಅಪ್ಪ ಅವರ ಜೊತೆ ಕಾರಿನ ಕಡೆ ನಡೆದಾಗ ನಾವಿಬ್ಬರು ಹಿಂದೆ ಉಳಿದೆವು.

"ಇಂಗ್ಲೀಸ್ನಾಗೆ ಏನಂದ್ರಿ?" ಎಂದು ಕೇಳಿದರು.

"ನೀವು ಅಂದದ್ದನ್ನೇ."

"ನಾ ಅಂದದ್ದು ಸುಳ್ಳಾ?"

"ಸುಳ್ಳಲ್ಲ."

"ಸುಳ್ಳಲ್ಲ. ದಿಟಾನೂ ಅಲ್ಲ." ಒದ್ದೆಯಾದ ಎಡಗಾಲನ್ನು ಕಲ್ಲಿಗೆ ಒರೆಸಿಕೊಂಡರು. "ನೀರ ಕಂಡ್ರೆ ದಿಗಿಲಾಯ್ತದಲ್ಲ, ಅದು ನಂಗೆ ರೂಡಿ. ಇದು ಬ್ಯಾರೆ ಕಣವ್ವ. ಆ ಎಣ್ಣು ಕಲ್ಲು ಜೋಡುಸ್ತಾ ಅವಳೆ. ಅತ್ತಾಗೆ ನೋಡಕ್ಕೆ ಆಯ್ತಾ ಇಲ್ಲ."

"ಹಾಗಾದರೆ ಯಾಕೆ ಹೇಳಲಿಲ್ಲ?"

"ನನ್ ಕೆಲ್ಸ ಓದ್ರೆ ಓಯ್ತದೆ, ಬುಡಿ. ಆದ್ರೆ ನಿಮ್ಮಪ್ಪಾರು ಅಲ್ಲಿ ನಿಂತಿದ್ರಲ್ಲ. ಅವ್ರ ಕಣ್ಣಿನ ಸುದ್ದಿ ನನ್ ಬಾಯಿಂದ ಬರಕಿಲ್ಲ. ನಿಮ್ ಸುದ್ದೀನೂ ಬರಕಿಲ್ಲ. ನೀವು ಯೋಳ್ತೀನಿ ಅಂದ್ರೆ ಬ್ಯಾಡ ಅನ್ನಕಿಲ್ಲ. ಯೋಳಿ ಅಂತ್ಲೂ ಅನ್ನಕಿಲ್ಲ. ನಂಗೆ ಎರಡ್ಕೂ ಎದ್ರಿಕೆ," ಎಂದರು.

ಅವರಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ. ಆಮೇಲೆ ಸೂರ್ಯನನ್ನು ನೋಡಿ, "ಆರು ಗಂಟೆ ಆಯ್ತಾ ಬಂತು," ಎಂದು ಮೆಟ್ಟಿಲ ಕಡೆ ಹೋದರು.

ಆ ಸಂಜೆ ಮನೆಯಲ್ಲಿ ಅಪ್ಪ ಬಹಳ ದಿನದ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. "ಎಲ್ಲಾ ಸರಿಹೋಯಿತಲ್ಲ?" ಎಂದು ಕೇಳಿದರು. ನಾನು ಹೂಂ ಎಂದೆ.

ಮಾರನೆಯ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಎದ್ದು, ನೀರು ಕಾಯಿಸಲು ಒಲೆ ಹೊತ್ತಿಸಿ, ಅವರ ಧೋತ್ರವನ್ನು ಕೈಗೆ ಸಿಗುವ ಕಡೆ ಇಟ್ಟು, ಪ್ರವಾಸಿ ಬಂಗಲೆಗೆ ನಡೆದುಹೋದೆ. ಇಂಜಿನಿಯರು ಜಗಲಿಯಲ್ಲಿ ಟೀ ಕುಡಿಯುತ್ತಿದ್ದರು. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯವನ್ನು ನಿಂತಲ್ಲಿಂದಲೇ ಹೇಳಿದೆ: ಹಲಗೆ ಹದಿನಾಲ್ಕು ಅಡಿಗೆ ಮುಗಿಯುತ್ತದೆ, ನದಿ ಅಲ್ಲಿಗೆ ಮುಗಿಯುವುದಿಲ್ಲ. ಮಂಟಪದ ಕಂಬದ ಗೀರುಗಳ ಬಗ್ಗೆ ಹೇಳಿದೆ. ಹಲಗೆಯಲ್ಲಿ ಇಲ್ಲದ್ದನ್ನು ಬರೆಯಬಾರದೆಂದು ಗೇಜಯ್ಯನವರಿಗೆ ಆಜ್ಞೆಯಾಗಿತ್ತೆಂದೂ ಹೇಳಿದೆ.

ಇಂಜಿನಿಯರು ಹಿಂದಿನ ದಿನ ಜೊತೆಗೆ ತಂದಿದ್ದ ಹೋದ ವರ್ಷದ ರಿಜಿಸ್ಟರನ್ನು ಒಳಗಿನಿಂದ ತರಿಸಿ, ಹಿಂದಿನ ಮಳೆಗಾಲದ ಪುಟ ತೆಗೆದು, ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. "ಹಾಗಾದರೆ ಇದನ್ನು ಸ್ಥಳದಲ್ಲಿ ನೋಡಿದವರು ಯಾರು?"

"ಯಾರೂ ನೋಡಲಿಲ್ಲ. ಸಹಿ ನನ್ನದು," ಎಂದೆ.

ಅವರು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಟೀ ಬಟ್ಟಲನ್ನು ಅರ್ಧಕ್ಕೆ ಇಟ್ಟು ಡ್ರೈವರನ್ನು ಕರೆದರು. ಕಾರಿನ ಮೂತಿ ಮದ್ದೂರಿನ ಕಡೆಗಿತ್ತು. ಅದನ್ನು ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಮುಂದಿನ ಸೀಟಿನಲ್ಲಿ, ಅವರು ಕೊಟ್ಟ ಅಳತೆಯ ಟೇಪನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬೆಳಕವಾಡಿಗೆ ಯಾವ ರಸ್ತೆ ಎಂದು ಡ್ರೈವರು ಕೇಳಿದ. ಹೇಳಿದೆ.